ಸಾಹುಕಾರರ ಸ್ಟೀಲ್ ತಗಡು

ಕಲಬುರಗಿಯ ಬಿಸಿಲು ಯಾರಿಗೆ ಗೊತ್ತಿಲ್ಲ? ಅಂಥ ಊರಲ್ಲಿ ಸಾಹುಕಾರ ಮಲಕಾಜಪ್ಪನಿಗೆ ಕಾರಿನೊಳಗೆ ಕಾಲಡಿ ಹಾಸಲು ಸ್ಟೀಲ್ ತಗಡೇ ಬೇಕಂತೆ! ಅಳತೆ ಕೊಟ್ಟು ಮಾಡಿಸಿದ. ಮೇಲೆ ಡ್ರೈವರನಿಗೆ ಹುಕುಂ ಬೇರೆ: "ಗೀರು ಬೀಳ್ತಾವ. ಚಪ್ಪಲಿ ಬಿಟ್ಟು ಗಾಡಿ ಹೊಡಿ." ತಾನು ಮಾತ್ರ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂರುತ್ತಿದ್ದ. ಡ್ರೈವರನ ಅಂಗಾಲು ಹಂಚಿನ ಮೇಲಿನ ರೊಟ್ಟಿಯಂತೆ ಬೇಯುತ್ತಿತ್ತು. ಹೇಳಿಕೊಂಡರೆ, "ರೂಢಿ ಆಗ್ತದ" ಅಂದನಂತೆ, ಪುಣ್ಯಾತ್ಮ!

ಒಂದು ದಿನ ಡ್ರೈವರ್ ಮೆಲ್ಲಗೆ ಅಂದ: "ಕಳ್ಳರು ಭಾಳ ಆಗ್ಯಾರ್ರಿ. ಅಡಗಿ ಭಾಂಡೆ ಮ್ಯಾಲ ಹೆಸರು ಹಾಕಸ್ತೀವಲ್ಲ, ಹಂಗ ತಗಡಿಗೂ ಹಾಕಸ್ರಿ." ಸಾಹುಕಾರ ಹಿಗ್ಗಿಹೋದ. ತನ್ನ ಹೆಸರು, ತಂದೆಯ ಹೆಸರು ಎರಡನ್ನೂ ದಪ್ಪ ಅಕ್ಷರದಲ್ಲಿ ಕೊರೆಸಿದ.

ಮುಂದೆ ಬೀಗರ ಮನೆಯಲ್ಲಿ ಒಂದು ಮದುವೆ. ಊಟ ಮುಗಿಸಿ ಬಂದರೆ ಕಾರು ಬಿಸಿಲಲ್ಲಿ ಕಾದಿತ್ತು. ಬೀಗರೆಲ್ಲ ಕಳಿಸಿಕೊಡಲು ನಿಂತಿದ್ದರು. ಡ್ರೈವರ್ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ.

"ಗಾಡಿ ತೆಗಿಯೋ!"

"ಹ್ಯಾಂಗ ತೆಗೀಲ್ರಿ? ಬ್ರೇಕ್ ಒತ್ತಬೇಕಂದ್ರ ನಿಮ್ಮ ಅಪ್ಪಾವರ ಹೆಸರಿನ ಮ್ಯಾಲ ಕಾಲಿಡಬೇಕು. ನನ್ನ ಕೈಲೆ ಆಗೂದಿಲ್ರಿ."

ಬೀಗರು ಇಣುಕಿ ನೋಡಿ ಮುಖ ಮುಖ ನೋಡಿಕೊಂಡರು. ಸಾಹುಕಾರ ಬೆವರಿದ. ತಾನೇ ಬಗ್ಗಿ ತಗಡು ಕಿತ್ತು ಹೊರಗೆಸೆದ. ಬೆರಳಿಗೆ ಉಫ್ ಉಫ್ ಎಂದು ಊದುತ್ತ, "ಅಯ್ಯಯ್ಯೋ, ಸುಟ್ಟಿತಲ್ಲೋ!" ಎಂದು ಚೀರಿದ.

ಡ್ರೈವರ್ ಚಪ್ಪಲಿ ಮೆಟ್ಟಿಕೊಳ್ಳುತ್ತ ಅಂದ: "ರೂಢಿ ಆಗ್ತದ್ರಿ."