ಮೊಬೈಲಿನ ಕುಲಗೋತ್ರ

ಐದೇ ಪರ್ಸೆಂಟ್ ಜೀವವಿದ್ದ ಹೊಸ ಮೊಬೈಲು ಚಾರ್ಜರನ್ನು ಹೆಣ್ಣು ಕೇಳಲು ಹೋಯಿತು. ಸುಳ್ಳಲ್ಲ, ಅಂಗಡಿಯ ಹಲ್ಲಿ ಲೊಚಗುಟ್ಟಿದೆ.

ಚಾರ್ಜರಿನ ಸೋದರಮಾವ ಸ್ವಿಚ್‌ಬೋರ್ಡು ಪದ್ಧತಿಯಂತೆ ಕೇಳಿತು: "ಅಳಿಯಂದಿರೇ, ಕುಲಗೋತ್ರ?"

"ಡಬ್ಬಿಯ ಮೇಲೆ 'ಪರಿಶುದ್ಧ' ಎಂಬ ಚೀಟಿಯೇ ಇದೆ, ಮಾವ!"

"ಚೀಟಿ ಅಂಟಿಸಿದವರು ಗಣಿ ನೋಡಿದ್ದರೇನು?"

ಮೊಬೈಲಿಗೂ ಕುತೂಹಲವಾಯಿತು. ತನ್ನ ಹೊಟ್ಟೆಯೊಳಗಿನ ಬ್ಯಾಟರಿಯನ್ನೇ ಕೇಳಿತು.

"ನನ್ನ ಅದಿರು ತೊಳೆದ ಕೆರೆಯಲ್ಲಿ ಈಗ ಕಪ್ಪೆ ವಟಗುಟ್ಟುವುದಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ," ಎಂದಿತು ಬ್ಯಾಟರಿ.

"ಸಂಬಂಧ ಬೇಡ!" ಎಂದು ಸ್ವಿಚ್‌ಬೋರ್ಡು ಗುಡುಗಿತು.

"ಆಗಲಿ. ನಿಮ್ಮೊಳಗಿನ ತಾಮ್ರ ಯಾವ ಊರಿನದು, ಮಾವ?" ಎಂದಿತು ಮೊಬೈಲು.

ಸ್ವಿಚ್‌ಬೋರ್ಡಿನ ಕೆಂಪು ದೀಪ ಪಕ್ಕನೆ ಆರಿತು.

ಆಗ ಚಾರ್ಜರು ಬಾಯಿಬಿಟ್ಟಿತು: "ಆ ಕೆರೆಯಲ್ಲಿ ಕಪ್ಪೆ ಕೂಗಿದ ದಿನವೇ ನಮ್ಮ ಮುಹೂರ್ತ."

ಉಳಿದ ನಾಲ್ಕು ಪರ್ಸೆಂಟಿನಲ್ಲಿ ಮೊಬೈಲು ತನ್ನ ಕಂಪನಿಗೇ ಫೋನು ಹಚ್ಚಿತು: "ಸ್ವಾಮಿ, ಆ ಕೆರೆ ಎಲ್ಲಿದೆ?"