ಎಂಜಲು ಬಡಿಸದವನು

"ಗುರುಗಳೇ, ಸೇವೆಗೆಂದೇ ನಿಂತವನಿಗೆ 'ಆಗದು' ಎನ್ನುವ ಹಕ್ಕಿದೆಯೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನ ದೊಡ್ಡ ಹೋಟೆಲಿನಲ್ಲಿ ಹೊನ್ನಪ್ಪ ಎಂಬವನಿದ್ದ. ತಂಗಿದವರ ಕೋಣೆಗಳಿಗೆ ಊಟ, ಕಾಫಿ ಒಯ್ದು ಕೊಡುವುದು ಅವನ ಕೆಲಸ. ಹದಿನೆಂಟು ವರ್ಷ ಅದನ್ನೇ ಮಾಡಿದ್ದ. ಕಾಫಿ ಆರಿದೆ ಎಂದು ಎಷ್ಟು ಸಲ ಹಿಂದಕ್ಕೆ ಕಳಿಸಿದರೂ ಮತ್ತೆ ಬಿಸಿಯಾಗಿ ತರುತ್ತಿದ್ದ. ಕಾಯಿಲೆ ಬಿದ್ದ ಯಾತ್ರಿಕನೊಬ್ಬನಿಗೆ ಗಂಜಿ ಕುಡಿಸಿ, ಅವನ ವಾಂತಿಯನ್ನೂ ಬಳಿದಿದ್ದ. ಅವನ ಬಾಯಲ್ಲಿ ಇಲ್ಲ ಎಂಬ ಮಾತನ್ನು ಯಾರೂ ಕೇಳಿರಲಿಲ್ಲ.

ಒಮ್ಮೆ ಒಬ್ಬ ಗುತ್ತಿಗೆದಾರ ಬಂದು ಒಂದು ವಾರಕ್ಕೆ ಮೇಲಂತಸ್ತಿನ ಕೋಣೆ ಹಿಡಿದ. ಅವನ ಕಾರು ಓಡಿಸುವ ಮುದುಕ ಬಾಗಿಲ ಹೊರಗೆ ನೆಲದ ಮೇಲೆ ಕುಳಿತಿರುತ್ತಿದ್ದ. ಎರಡನೆಯ ದಿನ ಮಧ್ಯಾಹ್ನ ಹೊನ್ನಪ್ಪ ತಟ್ಟೆ ತೆಗೆಯಲು ಹೋದ. ಗುತ್ತಿಗೆದಾರ ತಾನು ಅರ್ಧ ತಿಂದು ಬಿಟ್ಟ ಅನ್ನವನ್ನು ತೋರಿಸಿ, ಅದನ್ನು ಹೊರಗೆ ಕೂತವನಿಗೆ ಕೊಡು ಎಂದ.

"ಎಂಜಲು ಎತ್ತುತ್ತೇನೆ, ಸ್ವಾಮಿ. ಬಡಿಸುವುದಿಲ್ಲ" ಎಂದ ಹೊನ್ನಪ್ಪ.

ಗುತ್ತಿಗೆದಾರ ಮಾಲೀಕನನ್ನು ಕರೆಸಿದ. ಮಾಲೀಕ ಕೆಟ್ಟವನಲ್ಲ. ಹೊನ್ನಪ್ಪನ ಮನೆಯಲ್ಲಿ ಐದು ಮಂದಿ ಅವನ ದುಡಿಮೆಯನ್ನೇ ನಂಬಿದ್ದಾರೆಂದು ಬಲ್ಲವನು. ತಟ್ಟೆ ಕೊಟ್ಟುಬಿಡು, ಮಾತು ಇಲ್ಲಿಗೇ ಮುಗಿಯಲಿ ಎಂದು ಮೆಲ್ಲಗೆ ಹೇಳಿದ. ಇಲ್ಲವಾದರೆ ಕೆಲಸ ಬಿಡಬೇಕಾಗುತ್ತದೆ ಎಂದೂ ಹೇಳಿದ. ಅಷ್ಟರಲ್ಲಿ ಮುದುಕನೇ ಎದ್ದು ಬಂದು ಕೈ ಚಾಚಿದ.

"ಕೊಡಪ್ಪ. ನನಗೆ ರೂಢಿಯಾಗಿದೆ" ಎಂದ.

ಹೊನ್ನಪ್ಪ ತಟ್ಟೆ ಬಿಡಲಿಲ್ಲ. "ಉಂಡು ನಿಮಗೆ ರೂಢಿಯಿರಬಹುದು. ಬಡಿಸಿ ನನಗೆ ರೂಢಿಯಿಲ್ಲ."

ಕೆಳಗಿಳಿದು ಎಂಜಲನ್ನು ಚೆಲ್ಲಿದ. ಅಡುಗೆಮನೆಯಲ್ಲಿ ತನಗೆಂದು ತೆಗೆದಿಟ್ಟಿದ್ದ ಊಟವನ್ನು ಬೇರೆ ತಟ್ಟೆಗೆ ಹಾಕಿ, ಕೋಣೆಗಳಿಗೆ ಒಯ್ಯುವಂತೆಯೇ ಮೇಲೆ ಬಿಳಿ ಬಟ್ಟೆ ಹೊದಿಸಿ, ಮುದುಕನ ಮುಂದೆ ತಂದಿಟ್ಟ. ಮುದುಕ ಬಹಳ ಹೊತ್ತು ಅನ್ನಕ್ಕೆ ಕೈ ಹಚ್ಚಲಿಲ್ಲ. ಹೊನ್ನಪ್ಪ ಲೋಟಕ್ಕೆ ನೀರು ತುಂಬಿ, ಅವನು ಉಂಡು ಮುಗಿಸುವವರೆಗೂ ಪಕ್ಕದಲ್ಲೇ ನಿಂತ. ಆಮೇಲೆ ಸಮವಸ್ತ್ರದ ಕೋಟು ಬಿಚ್ಚಿ ಮಾಲೀಕನ ಕೈಗೆ ಕೊಟ್ಟು ಹೊರಟುಹೋದ.

ಬೇರೆ ಹೋಟೆಲುಗಳಲ್ಲಿ ಕೆಲಸ ಕೇಳಿದ. ಯಾವ ಕೋಣೆಗೆ ಏನು ಬೇಕಾದರೂ ಒಯ್ಯುತ್ತೇನೆ, ಒಬ್ಬರ ಎಂಜಲನ್ನು ಇನ್ನೊಬ್ಬರಿಗೆ ಮಾತ್ರ ಬಡಿಸಲಾರೆ ಎಂದು ಮೊದಲೇ ಹೇಳುತ್ತಿದ್ದ. ಹೋದಲ್ಲೆಲ್ಲ ಬಾಗಿಲು ತೋರಿಸಿದರು. ನಾಲ್ಕು ತಿಂಗಳು ಅವನ ಮನೆಯಲ್ಲಿ ಒಂದೇ ಹೊತ್ತು ಒಲೆ ಉರಿಯಿತು. ಕೊನೆಗೆ ಬಸ್ ನಿಲ್ದಾಣದ ಬಳಿಯ ಸಣ್ಣ ವಸತಿಗೃಹವೊಂದರಲ್ಲಿ ಅವನ ಆ ಮಾತಿಗೆ ಒಪ್ಪಿ ಸೇರಿಸಿಕೊಂಡರು. ಗುತ್ತಿಗೆದಾರ ಮರುವರ್ಷವೂ ಅದೇ ದೊಡ್ಡ ಹೋಟೆಲಿಗೆ ಬಂದ. ಮುದುಕ ಬಾಗಿಲ ಹೊರಗೇ ಕುಳಿತ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಇಷ್ಟೆಲ್ಲ ಆಗಿಯೂ ಆ ಗುತ್ತಿಗೆದಾರ ಬದಲಾಗಲಿಲ್ಲವಲ್ಲ, ಗುರುಗಳೇ" ಎಂದ.

"ಹೊನ್ನಪ್ಪನೂ ಬದಲಾಗಲಿಲ್ಲ" ಎಂದರು ಗುರುಗಳು.