ಗಿಳಿರಾಯರ ಎಪ್ಪತ್ತರ ದಶಕ

ದಂಡು ಪ್ರದೇಶದ ರೆಕಾರ್ಡ್ ಅಂಗಡಿಯೊಂದರ ಪಂಜರದಲ್ಲಿ ಬೆಳೆದ ಗಿಳಿಯೊಂದು, ಅಂಗಡಿ ಮುಚ್ಚಿದ ಮೇಲೆ ಎದುರಿನ ಉದ್ಯಾನದ ಮರಕ್ಕೆ ಬಂದು ಸೇರಿತು. ಎಪ್ಪತ್ತರ ದಶಕದ ಇಂಗ್ಲಿಷ್ ಪಾಪ್ ಹಾಡುಗಳೆಲ್ಲ ಅದಕ್ಕೆ ಬಾಯಿಪಾಠ. ಅರ್ಥ ಮಾತ್ರ ಒಂದರದ್ದೂ ಗೊತ್ತಿರಲಿಲ್ಲ. ಅಷ್ಟಕ್ಕೇ ಹಕ್ಕಿಗಳು ಅದನ್ನು ಗಿಳಿರಾಯರೆಂದು ಕರೆದು, ಸಂಜೆಯ ಕಛೇರಿಯಲ್ಲಿ ಯಾರು ಹಾಡಬೇಕೆಂಬ ತೀರ್ಮಾನವನ್ನೂ ಅದಕ್ಕೇ ಬಿಟ್ಟಿದ್ದವು.

ಕಛೇರಿಯಲ್ಲಿ ಹಾಡುವ ಆಸೆಯಿಂದ ಎಳೆಯ ಪಿಕಳಾರವೊಂದು ತಾನೇ ಕಟ್ಟಿದ ಹಾಡನ್ನು ಒಪ್ಪಿಸಿತು.

"ಇದು ಹಾಡಲ್ಲ, ಗದ್ದಲ," ಎಂದಿತು ಗಿಳಿ. "ಹಾಡೆಂಬುದು ಎಪ್ಪತ್ತೊಂಬತ್ತಕ್ಕೇ ಮುಗಿಯಿತು. ಈಗಿನವರಿಗೆ ತಾಳವೂ ಇಲ್ಲ, ನಾಚಿಕೆಯೂ ಇಲ್ಲ."

ಪಿಕಳಾರಕ್ಕೆ ಅಳು ಬಂತು. ಅದನ್ನು ನುಂಗಿಕೊಂಡು ಹೇಳಿತು: "ಕ್ಷಮಿಸಿ ರಾಯರೇ, ಇದು ಎಪ್ಪತ್ತನಾಲ್ಕರ ದೊಡ್ಡ ಹಿಟ್. ನಾನೇ ಹಾಡಿ ಕೆಡಿಸಿದೆನೇನೋ."

ಗಿಳಿಯ ಕತ್ತು ನೆಟ್ಟಗಾಯಿತು. "ಹಾಗೆಂದು ಮೊದಲೇ ಹೇಳಬಾರದೇ? ಇನ್ನೊಮ್ಮೆ ಹಾಡು."

ಪಿಕಳಾರ ಅದನ್ನೇ ಹಾಡಿತು. ಗಿಳಿ ಕಣ್ಣು ಮುಚ್ಚಿ ತಲೆದೂಗಿತು, ರೆಕ್ಕೆಯಿಂದ ಕಣ್ಣೀರು ಒರೆಸಿಕೊಂಡಿತು. "ನಮ್ಮ ಅಂಗಡಿಯಲ್ಲಿ ದಿನವೂ ಇದನ್ನು ಹಾಕುತ್ತಿದ್ದರು, ಮಗು. ಪಂಜರ ಅಲ್ಲಾಡುವಂತೆ ನಾನು ಕುಣಿಯುತ್ತಿದ್ದೆ. ಇಂದಿನ ಕಛೇರಿ ನಿನ್ನದೇ."

"ಇದನ್ನು ನಾನು ಇವತ್ತು ಬೆಳಿಗ್ಗೆ ಕಟ್ಟಿದೆ, ರಾಯರೇ," ಎಂದಿತು ಪಿಕಳಾರ.

ಮರದ ಹಕ್ಕಿಗಳೆಲ್ಲ ಗಿಳಿಯ ಕಡೆಗೆ ತಿರುಗಿದವು. ಗಿಳಿ ರೆಕ್ಕೆ ಕೊಡವಿ, ಗಂಟಲು ಸರಿಮಾಡಿಕೊಂಡಿತು.

"ಇರಬಹುದು," ಎಂದಿತು. "ಆದರೆ ನಮ್ಮ ಕಾಲದಲ್ಲಿ ಇದನ್ನು ಇನ್ನೂ ಚೆನ್ನಾಗಿ ಹಾಡುತ್ತಿದ್ದರು."